ಕಂಬಗಳ ದ್ವೀಪದಲ್ಲಿ ಇನ್ನೊಂದು ಕಂಬ

ಫೋಟೋ 1/10: ಬೋಟಿನಿಂದ ಕಂಡ ದ್ವೀಪ

ಈ ಫೋಟೋ ನೋಡಿದ ಕೂಡಲೇ ಅರ್ಧ ಜನ "ಸೇಂಟ್ ಮೇರಿಸ್!" ಅಂತ ಕಾಮೆಂಟ್ ಹಾಕ್ತೀರಿ, ಗೊತ್ತು. ಉಡುಪಿ ಕಡೆಯವರಾದ್ರೆ ಸ್ಕೂಲ್ ಟೂರಿಗೆ ಒಂದು ಸಲ, ನೆಂಟರು ಬಂದಾಗ ನಾಲ್ಕು ಸಲ, ಕಾಲೇಜು ಬಂಕ್ ಮಾಡಿ ಒಂದು ಸಲ ಹೋಗಿಯೇ ಇರ್ತೀರಿ. ಮಲ್ಪೆಯಿಂದ ಸುಮಾರು 6 ಕಿಲೋಮೀಟರ್. ಬೋಟು ಹತ್ತಿ ಸೀಟು ಹಿಡಿದು ನಾಲ್ಕು ಸೆಲ್ಫಿ ತೆಗೆಯುವಷ್ಟರಲ್ಲಿ ತೆಂಗಿನ ಮರಗಳು ಕಾಣಿಸ್ತವೆ.

ಒಂದು ದ್ವೀಪ ಅಂತ ನಾವು ಹೇಳಿದ್ರೂ ನಿಜವಾಗಿ ಅದೊಂದು ಗುಂಪು. ಮುಖ್ಯವಾಗಿ ನಾಲ್ಕು: ತೆಂಗಿನ ದ್ವೀಪ, ಉತ್ತರ ದ್ವೀಪ, ದಕ್ಷಿಣ ದ್ವೀಪ, ದರಿಯಾ ಬಹದ್ದೂರ್‌ಗಡ. ನಾವೆಲ್ಲ ಇಳಿಯೋದು ತೆಂಗಿನ ದ್ವೀಪದಲ್ಲಿ. ಉದ್ದ ಸುಮಾರು 500 ಮೀಟರ್, ಅಗಲ 100 ಮೀಟರ್. ಅತಿ ಎತ್ತರದ ಜಾಗ ಕೂಡ ಸಮುದ್ರಕ್ಕಿಂತ 10 ಮೀಟರ್ ಆಸುಪಾಸು, ಅಷ್ಟೇ. ಅಲ್ಲಿ ಯಾರ ಮನೆಯೂ ಇಲ್ಲ.

ಇಷ್ಟು ಚಿಕ್ಕ ಜಾಗದ ಮೇಲೆ ಹತ್ತು ಫೋಟೋದ ಸರಣಿ ಎಂತಕ್ಕೆ ಅಂತ ಕೇಳಬಹುದು. ಕಾರಣ ಉಂಟು. ಎಂಟನೇ ಕ್ಲಾಸಿನ ಟೂರಿನಲ್ಲಿ ನಾನು ಈ ದ್ವೀಪದಿಂದ ಒಂದು ಕಲ್ಲು ಬ್ಯಾಗಿಗೆ ಹಾಕ್ಕೊಂಡು ಬಂದಿದ್ದೆ. ಆರು ವರ್ಷ ಅದು ನನ್ನ ಓದುವ ಮೇಜಿನ ಮೇಲೆ, ನೋಟ್ಸ್ ಹಾರದ ಹಾಗೆ ಕೂತಿತ್ತು. ಅದರ ಕತೆ ಹತ್ತನೇ ಫೋಟೋದಲ್ಲಿ. ಅಲ್ಲಿವರೆಗೆ ಸ್ವೈಪ್ ಮಾಡ್ತಾ ಬನ್ನಿ.

ಫೋಟೋ 2/10: ಕಂಬಗಳು, ಹತ್ತಿರದಿಂದ

ಯಾರೋ ಅಳತೆ ಹಿಡಿದು ಕೆತ್ತಿ, ಒತ್ತೊತ್ತಾಗಿ ನಿಲ್ಲಿಸಿದ ಹಾಗೆ ಕಾಣ್ತದೆ ಅಲ್ವಾ? ಕೆಲವಕ್ಕೆ ಐದು ಮುಖ, ಕೆಲವಕ್ಕೆ ಆರು, ಕೆಲವಕ್ಕೆ ಏಳು. ಉಳಿ ಮುಟ್ಟಿಸಿದವರು ಯಾರೂ ಇಲ್ಲ. ಇದು ಬಿಸಿ ಲಾವಾ ತಣ್ಣಗಾದ ಗುರುತು.

ಬೇಸಿಗೆಯಲ್ಲಿ ಒಣಗಿದ ಗದ್ದೆಯ ಕೆಸರು ನೋಡಿದ್ದೀರಲ್ಲ? ನೀರು ಆರಿದ ಹಾಗೆ ಕೆಸರು ಕುಗ್ಗುತ್ತದೆ. ಕುಗ್ಗಿದಾಗ ಎಲ್ಲ ಕಡೆಯಿಂದ ಎಳೆತ, ಎಳೆತ ತಾಳದೆ ಬಿರುಕು. ಲಾವಾ ಕೂಡ ಹಾಗೆಯೇ. ಮೊದಲು ಹೊರಮೈ ತಣ್ಣಗಾಗಿ ಬಿರುಕು ಬಿಡ್ತದೆ. ತಂಪು ಒಳಗೆ ಇಳಿದ ಹಾಗೆ ಬಿರುಕೂ ಅದರ ಹಿಂದೆಯೇ ಇಳಿಯುತ್ತಾ ಹೋಗ್ತದೆ. ಮೇಲ್ಮೈಯಲ್ಲಿ ಬರೀ ಗೆರೆಯಾಗಿದ್ದದ್ದು ಆಳಕ್ಕೆ ಹೋದಾಗ ಉದ್ದದ ಕಂಬ ಆಗ್ತದೆ. ಮೂರು ಬಿರುಕುಗಳು ಸಮ ಕೋನದಲ್ಲಿ ಸೇರಿದರೆ ಎಳೆತ ಚೆನ್ನಾಗಿ ಸಡಿಲ ಆಗುವುದರಿಂದ ಆರು ಮುಖದ ಆಕಾರ ಹೆಚ್ಚು.

ಮನೆಯಲ್ಲೇ ನೋಡ್ಬೇಕಾ? ಕಾರ್ನ್‌ಫ್ಲೋರ್‌ಗೆ ನೀರು ಹಾಕಿ ಗಟ್ಟಿಯಾಗಿ ಕಲಸಿ, ಒಂದು ಲೋಟದಲ್ಲಿ ತುಂಬಿ, ಬಲ್ಬಿನ ಕೆಳಗೆ ಕೆಲವು ದಿನ ಬಿಡಿ. ಪೂರ್ತಿ ಒಣಗಿದ ಮೇಲೆ ಮೆಲ್ಲಗೆ ಒಡೆದು ನೋಡಿದ್ರೆ ಒಳಗೆ ಪುಟ್ಟ ಪುಟ್ಟ ಕಂಬಗಳು. ನಾನು ಮಾಡಿದೆ, ಬಂತು. ಅಮ್ಮನ ಹತ್ರ ಬೈಗುಳವೂ ಬಂತು.

ಇನ್ನೊಂದು ವಿಷಯ. ಇದನ್ನು ತುಂಬಾ ಕಡೆ "ಬಸಾಲ್ಟ್" ಅಂತ ಬರೀತಾರೆ. ಐರ್ಲೆಂಡಿನ ಜೈಂಟ್ಸ್ ಕಾಸ್‌ವೇ ಪ್ರಸಿದ್ಧ, ಅದು ಬಸಾಲ್ಟ್ ಹೌದು. ನಮ್ಮದು ಸಿಲಿಕಾ ಜಾಸ್ತಿ ಇರುವ ರಯೊಲೈಟ್, ರಯೊಡಸೈಟ್ ಜಾತಿಯ ಕಲ್ಲು. ಇಂಥ ಲಾವಾ ಬೆಲ್ಲದ ಪಾಕದ ಹಾಗೆ ಅಂಟಂಟು, ಸುಲಭಕ್ಕೆ ಹರಿಯುವುದಿಲ್ಲ. ಅದರಲ್ಲಿ ಇಷ್ಟು ಚಂದದ ಕಂಬಗಳು ಸಿಗುವುದು ಅಪರೂಪ. ಹಾಗಾಗಿಯೇ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಗುರುತಿಸಿದೆ. ಲಾಲ್‌ಬಾಗಿನ ಬಂಡೆ, ಚಿತ್ರದುರ್ಗದ ಮರಡಿಹಳ್ಳಿಯ ದಿಂಬಿನಾಕಾರದ ಲಾವಾ ಕೂಡ ಇದೇ ಪಟ್ಟಿಯಲ್ಲಿ ಉಂಟು.

ಫೋಟೋ 3/10: ಮ್ಯಾಪು (ನಾನೇ ಬಿಡಿಸಿದ್ದು, ನಗಬೇಡಿ)

ಎಡಗಡೆ ಮಡಗಾಸ್ಕರ್, ಬಲಗಡೆ ನಾವು. ಮಲ್ಪೆಯಿಂದ ಆ ದೇಶದ ಉತ್ತರದ ತುದಿಗೆ ಇವತ್ತು ಸುಮಾರು 4,000 ಕಿಲೋಮೀಟರ್ ಸಮುದ್ರ. ಒಂದು ಕಾಲದಲ್ಲಿ ಎರಡೂ ಅಂಟಿಕೊಂಡಿದ್ದವು.

ಈ ಕಲ್ಲಿನ ವಯಸ್ಸನ್ನು ಬೇರೆ ಬೇರೆ ವಿಧಾನಗಳಲ್ಲಿ ಅಳೆದಿದ್ದಾರೆ. ಉತ್ತರ ಸುಮಾರು 8.5ರಿಂದ 9.1 ಕೋಟಿ ವರ್ಷಗಳ ನಡುವೆ ಬರ್ತದೆ. ಮಡಗಾಸ್ಕರ್‌ನಲ್ಲೂ ಅದೇ ಕಾಲದ ಅಗ್ನಿಶಿಲೆಗಳು ಬೇಕಾದಷ್ಟಿವೆ. ಭೂಮಿಯ ಆಳದಿಂದ ಮೇಲೆ ಬರುವ ಬಿಸಿಯ ಒಂದು ತಾಣ ಆಗ ಇವೆರಡರ ಹತ್ತಿರದಲ್ಲಿತ್ತು. ಈಗ ಅದನ್ನು ಮ್ಯಾರಿಯನ್ ತಾಣ ಅಂತಾರೆ, ದಕ್ಷಿಣದ ಸಮುದ್ರದಲ್ಲಿರುವ ಮ್ಯಾರಿಯನ್ ದ್ವೀಪದ ಹೆಸರಿನಿಂದ. ಆ ಕಾಲದಲ್ಲೇ ನೆಲ ಸೀಳಿತು, ಲಾವಾ ಉಕ್ಕಿತು, ಭಾರತ ಬೇರೆಯಾಗಿ ಉತ್ತರಕ್ಕೆ ಹೊರಟಿತು. ನಾವು ಕಾಲು ಚಾಚಿ ಐಸ್‌ಕ್ರೀಂ ತಿನ್ನುವ ಕಂಬಗಳು ಆ ಪಾಲಾಗುವಿಕೆಯ ದಾಖಲೆ.

ನಾವು ಆಗ ಎಲ್ಲಿದ್ದೆವು ಅಂತ ಗೊತ್ತಾಗುವುದು ಹೇಗೆ? ಲಾವಾದಲ್ಲಿ ಕಬ್ಬಿಣ ಇರುವ ಸಣ್ಣ ಸಣ್ಣ ಕಣಗಳಿರುತ್ತವೆ. ಕಲ್ಲು ತಣ್ಣಗಾಗುವಾಗ ಅವು ದಿಕ್ಸೂಚಿ ಮುಳ್ಳಿನ ಹಾಗೆ ಭೂಮಿಯ ಕಾಂತಕ್ಷೇತ್ರದ ದಿಕ್ಕನ್ನು ಹಿಡಿದುಕೊಂಡುಬಿಡುತ್ತವೆ. ಆ ವಾಲಿಕೆ ಅಳೆದರೆ ಕಲ್ಲು ಹುಟ್ಟಿದ ಅಕ್ಷಾಂಶ ಸಿಗ್ತದೆ. ಈ ದ್ವೀಪದ ಕಲ್ಲಿನಲ್ಲೂ ಅಳೆದಿದ್ದಾರೆ. ಆಗ ನಾವು ಸಮಭಾಜಕ ರೇಖೆಗಿಂತ ಬಹಳ ಕೆಳಗೆ, ದಕ್ಷಿಣ ಗೋಳಾರ್ಧದಲ್ಲಿದ್ದೆವು.

ಅಂದಾಜಿಗೆ ಇರಲಿ: ಮಹಾರಾಷ್ಟ್ರದ ಕಪ್ಪು ನೆಲ ಕೊಟ್ಟ ದಖ್ಖನ್ ಲಾವಾ ಸುಮಾರು 6.6 ಕೋಟಿ ವರ್ಷದ್ದು. ಸಿನಿಮಾದ ಟಿ. ರೆಕ್ಸ್ ಕೂಡ ಹೆಚ್ಚುಕಡಿಮೆ ಅದೇ ಕಾಲದ್ದು. ಅವೆರಡೂ ಬರುವಾಗ ನಮ್ಮ ಕಂಬಗಳಿಗೆ ಆಗಲೇ ಎರಡು ಕೋಟಿ ವರ್ಷದ ಮೇಲಾಗಿತ್ತು.

ನಂಟು ಕಲ್ಲಿನಲ್ಲಿ ಮಾತ್ರ ಉಳಿದದ್ದಲ್ಲ. ಮಳೆಗಾಲದಲ್ಲಿ ಆಗುಂಬೆ ಕಡೆ ಕೊಂಬೆಗೆ ನೊರೆಯ ಗೂಡು ಕಟ್ಟುವ ಹಸಿರು ಹಾರುಗಪ್ಪೆ ಗೊತ್ತಲ್ಲ? ಆ ಮರಗಪ್ಪೆಗಳ ಕುಟುಂಬಕ್ಕೆ ಅತಿ ಹತ್ತಿರದ ಸಂಬಂಧಿ ಕುಟುಂಬ ಇರುವುದು ಮಡಗಾಸ್ಕರ್‌ನಲ್ಲಿ.

ಫೋಟೋ 4/10: ಇಳಿತದ ಹೊತ್ತು

ಕಲ್ಲಿಗೆ ಒಂಬತ್ತು ಕೋಟಿ ವರ್ಷ. ಹಾಗಾದ್ರೆ ದ್ವೀಪಕ್ಕೆ? ಇಲ್ಲೇ ಮಜಾ ಇರುವುದು. ಸುಮಾರು 20,000 ವರ್ಷಗಳ ಹಿಂದೆ, ಹಿಮಯುಗದಲ್ಲಿ, ಲೋಕದ ನೀರು ತುಂಬಾ ಮಂಜುಗಡ್ಡೆಯಾಗಿ ನೆಲದ ಮೇಲೆ ಕೂತಿತ್ತು. ಸಮುದ್ರದ ಮಟ್ಟ ಇವತ್ತಿಗಿಂತ 120 ಮೀಟರಿನಷ್ಟು ಕೆಳಗೆ. ಅಂದ್ರೆ ಆಗ ಇದು ದ್ವೀಪವೇ ಅಲ್ಲ, ಬಯಲಿನ ನಡುವಿನ ಬಂಡೆಗುಡ್ಡ. ಮಲ್ಪೆಯಿಂದ ನಡೆದೇ ಹೋಗಬಹುದಿತ್ತು. ಮಂಜು ಕರಗಿ ನೀರು ಏರಿ, ಕಡಲು ಹೆಚ್ಚುಕಡಿಮೆ ಈಗಿನ ಗೆರೆಗೆ ಬಂದು ಕೆಲವು ಸಾವಿರ ವರ್ಷ ಆಯ್ತು ಅಷ್ಟೇ. ಕಲ್ಲು ಬಹಳ ಹಳೆಯದು, ದ್ವೀಪ ಬಹಳ ಹೊಸದು.

ಈ ಫೋಟೋ ತೆಗೆದದ್ದು ಅಮಾವಾಸ್ಯೆಯ ಮರುದಿನ. ಅಮಾವಾಸ್ಯೆ, ಹುಣ್ಣಿಮೆಗೆ ಏರಿಳಿತ ಜೋರು, ಹಾಗಾಗಿ ಇಳಿತದಲ್ಲಿ ಬಂಡೆಯ ಬುಡದವರೆಗೆ ಕಾಣ್ತದೆ. ಮೇಲಿನಿಂದ ಕೆಳಗೆ ಝೂಮ್ ಮಾಡಿ ನೋಡಿ. ತುದಿ ಬೋಳು, ಬಿಸಿಲಿಗೆ ಕಾದದ್ದು. ಸ್ವಲ್ಪ ಕೆಳಗೆ ಟೋಪಿಯಂಥ ಸಣ್ಣ ಚಿಪ್ಪುಗಳು, ಕಲ್ಲಿಗೆ ಕಚ್ಚಿ ಕೂತಿವೆ. ಅದರ ಕೆಳಗೆ ಸಿಂಪಿ, ಪಚ್ಚಿಲೆ. ಅದಕ್ಕೂ ಕೆಳಗೆ, ನೀರು ಹೆಚ್ಚು ಹೊತ್ತು ಬಿಡದ ಜಾಗದಲ್ಲಿ ಹಸಿರು ಪಾಚಿ. ಎಷ್ಟು ಹೊತ್ತು ನೀರಿಲ್ಲದೆ ಬದುಕಬಲ್ಲೆ ಅನ್ನುವುದರ ಮೇಲೆ ಒಬ್ಬೊಬ್ಬರಿಗೆ ಒಂದೊಂದು ಮಹಡಿ.

ಕಂಬ ಮುರಿದಲ್ಲಿ ಬಟ್ಟಲಿನ ಹಾಗೆ ನೀರು ನಿಲ್ತದೆ. ಅದರಲ್ಲಿ ಪುಟ್ಟ ಮೀನು, ಏಡಿ, ಸತ್ತ ಶಂಖದ ಮನೆಯಲ್ಲಿ ಬಾಡಿಗೆಗೆ ಇರುವ ಸನ್ಯಾಸಿ ಏಡಿ. ಮುಂದಿನ ಉಬ್ಬರ ಬರುವವರೆಗೆ ಅವಕ್ಕೆ ಅಷ್ಟೇ ಸಮುದ್ರ. ನಾವು ಅದರಲ್ಲಿ ಚಿಪ್ಸ್ ಕೈ ತೊಳಿತೇವೆ.

ಫೋಟೋ 5/10: ಚಿಪ್ಪಿನ ಕಡಲ ದಂಡೆ

ಬರಿಗಾಲಲ್ಲಿ ನಡೆದವರಿಗೆ ಗೊತ್ತು, ಇಲ್ಲಿ ಮಲ್ಪೆ ಬೀಚಿನ ಹಾಗೆ ನುಣ್ಣನೆ ಮರಳಲ್ಲ. ದಂಡೆಯ ತುಂಬಾ ಚಿಪ್ಪು, ಚಿಪ್ಪಿನ ಚೂರು. ಮಲ್ಪೆಯ ಮರಳು ಹೊಳೆಗಳು ಘಟ್ಟದಿಂದ ಹೊತ್ತು ತಂದದ್ದು. ದ್ವೀಪಕ್ಕೆ ಹೊಳೆಯೇ ಇಲ್ಲವಲ್ಲ! ಸುತ್ತಲ ನೀರಿನಲ್ಲಿ ಬದುಕಿ ಸತ್ತ ಜೀವಿಗಳ ಮನೆಗಳನ್ನೇ ಅಲೆ ತಂದು ರಾಶಿ ಹಾಕಿದೆ. ಒಂದು ಮುಷ್ಟಿ ಎತ್ತಿದರೆ ನೂರಾರು ಜೀವಗಳ ಮನೆ ಕೈಯಲ್ಲಿ.

ಅದನ್ನು ಬಾಟಲಿಯಲ್ಲಿ ತುಂಬಿ ತರುವವರೂ ಇದ್ದಾರೆ. ನಾನೂ ತಂದಿದ್ದೆ. ಸನ್ಯಾಸಿ ಏಡಿಗೆ ಬಾಡಿಗೆ ಮನೆ ಬೇಕಾಗ್ತದೆ ಅಂತ ಆಗ ಯಾರೂ ಹೇಳಿರಲಿಲ್ಲ.

ಫೋಟೋ 6/10: ಖಾಲಿ ಬಂಡೆ

ಈ ಫೋಟೋದಲ್ಲಿ ಏನೂ ಇಲ್ಲ. ಏನೂ ಇಲ್ಲದ್ದನ್ನು ತೋರಿಸಲಿಕ್ಕೇ ತೆಗೆದದ್ದು.

ದೊಡ್ಡವರು ಹೇಳುವ ಕತೆ ಇದು: ವಾಸ್ಕೋ ಡ ಗಾಮ ಯುರೋಪಿನಿಂದ ಬಂದವ ಮೊದಲು ಕಾಲಿಟ್ಟದ್ದು ಈ ದ್ವೀಪಕ್ಕೆ, ಆಮೇಲೆ ಕೋಝಿಕ್ಕೋಡಿಗೆ ಹೋದ. ನಾನೂ ಕ್ವಿಝ್‌ನಲ್ಲಿ ಹಾಗೇ ಬರೆದಿದ್ದೆ. ತಾರೀಕು ಇಟ್ಟು ನೋಡಿದರೆ ಕತೆ ತಿರುಗಾಮುರುಗಾ.

ಗಾಮನ ಹಡಗಿನಲ್ಲಿದ್ದ ಒಬ್ಬ ದಿನಚರಿ ಬರೆದಿದ್ದ. ಅಲ್ವಾರೊ ವೆಲ್ಯೊ ಅನ್ನುವವ ಇರಬೇಕು ಅಂತ ಹೆಚ್ಚಿನವರ ಅಭಿಪ್ರಾಯ. ಅದರ ಹಸ್ತಪ್ರತಿ ಪೋರ್ಚುಗಲ್‌ನಲ್ಲಿ ಉಳಿದಿದೆ, 2013ರಲ್ಲಿ ಯುನೆಸ್ಕೋದ ವಿಶ್ವ ಸ್ಮರಣೆ ಪಟ್ಟಿಗೂ ಸೇರಿದೆ. ಅದರ ಪ್ರಕಾರ ಹಡಗುಗಳು ಕೋಝಿಕ್ಕೋಡಿನ ಹತ್ತಿರ ಲಂಗರು ಹಾಕಿದ್ದು 1498ರ ಮೇ 20ಕ್ಕೆ. ಅಲ್ಲಿ ಸಾಮೂದಿರಿಯ ಜೊತೆ ಸರಿಬರದೆ, ಅಲ್ಲಿನ ಕೆಲವರನ್ನು ಹಿಡಿದು ಹಡಗಿನಲ್ಲೇ ಇಟ್ಟುಕೊಂಡು ಹೊರಟದ್ದು ಆಗಸ್ಟ್ 29ಕ್ಕೆ. ಕರಾವಳಿ ಹಿಡಿದು ಉತ್ತರಕ್ಕೆ ಬರ್ತಾ ಸೆಪ್ಟೆಂಬರ್ ಮಧ್ಯದಲ್ಲಿ ಈ ಬಂಡೆಗಳ ಹತ್ತಿರ ನಿಂತದ್ದು. ಅಂದ್ರೆ ಅವನು ನಮ್ಮಲ್ಲಿಗೆ ಬಂದದ್ದು ಬರುವಾಗ ಅಲ್ಲ, ಜಗಳ ಮಾಡಿಕೊಂಡು ವಾಪಸ್ ಹೋಗುವಾಗ.

ಇಲ್ಲಿ ಅವರು ಒಂದು ಕಂಬ ನೆಟ್ಟರು. ಪೋರ್ಚುಗೀಸ್‌ನಲ್ಲಿ ಅದಕ್ಕೆ "ಪಾದ್ರಾವ್" ಅಂತ ಹೆಸರು. ತಮ್ಮ ದೇಶದ ಸುಣ್ಣಕಲ್ಲಿನಲ್ಲಿ ಕೆತ್ತಿಸಿ, ದೊರೆಯ ಲಾಂಛನ ಹಾಕಿ, ಮೇಲೆ ಶಿಲುಬೆ ಇಟ್ಟು, ಹಡಗಿನಲ್ಲಿ ಅಷ್ಟು ದೂರ ಹೊತ್ತು ತರುತ್ತಿದ್ದ ಕಂಬ. "ನಾವು ಇಲ್ಲಿಗೆ ಬಂದೆವು" ಅಂತ ಸಾರುವುದಕ್ಕೆ. ದೊರೆ ಮನುಯೆಲ್ ಅಂಥ ಮೂರು ಕಂಬಗಳಿಗೆ ಹೆಸರು ಹೇಳಿ ಕಳಿಸಿದ್ದ. ಸಂತ ರಫಾಯೆಲ್‌ನ ಹೆಸರಿನದು ಆಫ್ರಿಕಾದ ಒಂದು ಹೊಳೆಯ ದಡದಲ್ಲಿ ನಿಂತಿತು, ಸಂತ ಗಾಬ್ರಿಯೆಲ್‌ನದು ಕೋಝಿಕ್ಕೋಡಿಗೆ ಹೋಯಿತು. ಉಳಿದ ಮೂರನೆಯದು ಸಾಂತಾ ಮರಿಯಾ. ನಮ್ಮ "ಸೇಂಟ್ ಮೇರಿಸ್" ಹೆಸರಿನ ಮೂಲ ಅದು.

ಕಂಬಗಳಿಂದಲೇ ಆದ ದ್ವೀಪಕ್ಕೆ ಬಂದು, ಕಂಬ ನೆಟ್ಟು, ಗುರುತು ಮಾಡಿ ಹೋದರು ಮಾರಾಯ್ರೆ! ಸುತ್ತ ಸಾವಿರಾರು ಕಂಬ ಕಾಣಲಿಲ್ವೋ ಏನೋ. ಅವರ ಕಂಬ ಈಗ ಇಲ್ಲ. ಅದಕ್ಕೇ ಈ ಖಾಲಿ ಫೋಟೋ.

ಫೋಟೋ 7/10: ಮೀನಿನ ದೋಣಿ

ಅವತ್ತಿನ ದಿನಚರಿಯಲ್ಲಿ ನನಗೆ ಅತಿ ಇಷ್ಟವಾದ ಭಾಗ ಕಂಬದ್ದಲ್ಲ. ಕಂಬ ನೆಡುವ ಹೊತ್ತಿಗೆ ದಡದಿಂದ ದೋಣಿಗಳಲ್ಲಿ ಮೀನುಗಾರರು ಬಂದರಂತೆ. ಮೀನು ಕೊಟ್ಟರಂತೆ. ಗಾಮ ಅವರಿಗೆ ಅಂಗಿಗಳನ್ನು ಕೊಟ್ಟು, ಇಲ್ಲಿ ಕಂಬ ನಿಲ್ಲಿಸಿದರೆ ನಿಮಗೆ ಸಂತೋಷವೇ ಅಂತ ಕೇಳಿದನಂತೆ. ಅವರು ತುಂಬಾ ಸಂತೋಷ, ನೀವೂ ನಮ್ಮ ಹಾಗೇ ಕ್ರೈಸ್ತರು ಅಂತ ಅದರಿಂದ ಗಟ್ಟಿಯಾಗ್ತದೆ ಅಂದರಂತೆ.

ಇಲ್ಲಿ ಸ್ವಲ್ಪ ನಿಂತು ಯೋಚನೆ ಮಾಡಿ. ಆ ಪ್ರಯಾಣದ ಉದ್ದಕ್ಕೂ ಪೋರ್ಚುಗೀಸರು ನಮ್ಮ ದೇವಸ್ಥಾನಗಳನ್ನು ಒಂದು ಬಗೆಯ ಚರ್ಚು ಅಂತಲೇ ತಿಳಿದಿದ್ದರು. ಮಾತು ಹೋಗುತ್ತಿದ್ದದ್ದು ಅರಬ್ಬಿ ಬಲ್ಲ ದುಭಾಷಿಗಳ ಮೂಲಕ. ಈ ಕಡೆ ತುಳು ಮಾತಾಡುವ ತೀರ. ದೋಣಿಯಲ್ಲಿದ್ದ ಅಜ್ಜಂದಿರು ನಿಜಕ್ಕೂ ಎಂತ ಹೇಳಿದರು? "ನೆಡಿ, ನಮಗೇನು" ಅಂದರೋ? "ಮೀನು ಬೇಕಾ" ಅಂತ ಮಾತ್ರ ಕೇಳಿದರೋ? ಬರೆದವನು ತನಗೆ ಬೇಕಾದ ಉತ್ತರ ಬರೆದುಕೊಂಡ. ಮೀನು ಕೊಟ್ಟವರ ಒಬ್ಬರ ಹೆಸರೂ ಅದರಲ್ಲಿಲ್ಲ.

ಹಾಗಂತ ನೆಲಕ್ಕೆ ಯಜಮಾನರಿಲ್ಲದ ಜಾಗ ಇದಾಗಿರಲಿಲ್ಲ. ಆಗ ಈ ಕರಾವಳಿ ವಿಜಯನಗರದ ಕೈಯಲ್ಲಿ, ಬಾರಕೂರು ರಾಜ್ಯ, ಮಂಗಳೂರು ರಾಜ್ಯ ಅಂತ ಎರಡು ಆಡಳಿತ. ಬಾರಕೂರು, ಬಸ್ರೂರು ಬಂದರುಗಳಿಂದ ಅಕ್ಕಿ ಹೊರಗೆ ಹೋಗುತ್ತಿತ್ತು. ದ್ವೀಪಕ್ಕೂ ಊರಿನವರು ಇಟ್ಟ ಹೆಸರಿದೆ: ತೋನ್ಸೆಪಾರ್. ಮಲ್ಪೆಯ ಉತ್ತರಕ್ಕಿರುವ ತೋನ್ಸೆ ಊರಿನ ಹೆಸರು ಅದರಲ್ಲೇ ಉಂಟು. ಮೇರಿಯ ಹೆಸರು ಮ್ಯಾಪಿಗೆ ಹೋಯಿತು, ತೋನ್ಸೆಪಾರ್ ದೋಣಿಯಲ್ಲೇ ಉಳಿಯಿತು. ನಮ್ಮ ಕ್ಲಾಸಿನಲ್ಲಿ ಕೇಳಿದೆ, ನಲವತ್ತು ಜನರಲ್ಲಿ ಈ ಹೆಸರು ಗೊತ್ತಿದ್ದದ್ದು ಇಬ್ಬರಿಗೆ. ಇಬ್ಬರ ಮನೆಯಲ್ಲೂ ಬೋಟ್ ಉಂಟು.

ಫೋಟೋ 8/10: ಗಾಳಿ

ತೆಂಗಿನ ಗರಿಗಳು ಒಂದೇ ಕಡೆ ಬಾಗಿದ್ದು ನೋಡಿ. ಇದು ಸೆಪ್ಟೆಂಬರ್ ಕೊನೆಯ ಫೋಟೋ, ದಡದಿಂದ ತೆಗೆದದ್ದು. ಮಳೆಗಾಲದಲ್ಲಿ ದ್ವೀಪಕ್ಕೆ ಬೋಟು ಬಿಡುವುದಿಲ್ಲ. ಯಾಂತ್ರಿಕ ಮೀನುಗಾರಿಕೆಗೂ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ ರಜೆ. ಇದು ಸರಕಾರಿ ಆದೇಶ ಹೌದು, ಆದರೆ ಆ ಹೊತ್ತಿನ ಕಡಲಿಗೆ ಇಳಿಯಬಾರದು ಅನ್ನುವುದು ಆದೇಶಕ್ಕಿಂತ ಬಹಳ ಹಳೆಯ ತಿಳಿವಳಿಕೆ.

ಗಾಮ ಅದನ್ನು ಕೇಳಲಿಲ್ಲ. ಆಫ್ರಿಕಾದ ಮಾಲಿಂದಿಯಿಂದ ಇಲ್ಲಿಗೆ ಬರುವಾಗ ದಾರಿ ಬಲ್ಲ ಚುಕ್ಕಾಣಿಗ ಜೊತೆಗಿದ್ದ, ಗಾಳಿಯೂ ಬೆನ್ನಿಗಿತ್ತು. ಏಪ್ರಿಲ್ 24ಕ್ಕೆ ಹೊರಟು 26 ದಿನಕ್ಕೆ ಮುಟ್ಟಿದರು. ವಾಪಸ್ ಹೋಗಲಿಕ್ಕೆ ಈಶಾನ್ಯದ ಗಾಳಿ ಏಳುವವರೆಗೆ ಕಾಯಬೇಕಿತ್ತು. ಕಾಯದೆ, ಇಲ್ಲಿಂದ ಕಾರವಾರದ ಹತ್ತಿರದ ಅಂಜುದೀವ್ ದ್ವೀಪಕ್ಕೆ ಹೋಗಿ, ಅಲ್ಲಿಂದ ಅಕ್ಟೋಬರ್ 5ಕ್ಕೆ ಸಮುದ್ರ ದಾಟಲು ಹೊರಟ. ಒಮ್ಮೆ ಗಾಳಿಯೇ ಇಲ್ಲ, ಒಮ್ಮೆ ಎದುರು ಗಾಳಿ. 26 ದಿನದ ದಾರಿಗೆ ಸುಮಾರು ಮೂರು ತಿಂಗಳು ಹಿಡಿಯಿತು. ತಾಜಾ ಹಣ್ಣು ತರಕಾರಿ ಇಲ್ಲದೆ ಒಸಡು ಊದುವ ಸ್ಕರ್ವಿ ರೋಗ ಬಂದು ಸುಮಾರು 30 ಜನ ಸತ್ತರು. ಕೊನೆಗೆ ನಡೆಸಲು ಜನ ಸಾಲದೆ ಸಾವ್ ರಫಾಯೆಲ್ ಹಡಗನ್ನು ಅವರೇ ಸುಟ್ಟರು. ಕಂಬ ನೆಟ್ಟ ಮಾತ್ರಕ್ಕೆ ಕಡಲು ಯಾರದ್ದೂ ಆಗುವುದಿಲ್ಲ.

ಆದ್ರೆ ಅವರು ಮತ್ತೆ ಬಂದರು. 1568ರಲ್ಲಿ ಮಂಗಳೂರು, 1569ರಲ್ಲಿ ಹೊನ್ನಾವರ, ಬಸ್ರೂರುಗಳಲ್ಲಿ ಕೋಟೆ ಕಟ್ಟಿದರು, ಅಕ್ಕಿಯ ವ್ಯಾಪಾರಕ್ಕೆ ಕೈ ಹಾಕಿದರು. ಉಳ್ಳಾಲದ ಅಬ್ಬಕ್ಕ ರಾಣಿ ಯಾರ ಜೊತೆ ಕಾದಾಡಿದಳು ಅಂತ ನಿಮಗೆ ಗೊತ್ತೇ ಉಂಟು. ದರಿಯಾ ಬಹದ್ದೂರ್‌ಗಡದಲ್ಲಿರುವ ಕೋಟೆಯ ಅವಶೇಷ ಮಾತ್ರ ಪೋರ್ಚುಗೀಸರದ್ದಲ್ಲ, ಬಿದನೂರಿನ ಬಸಪ್ಪ ನಾಯಕರ ಕಾಲದ್ದು ಅಂತಾರೆ. ಬಂದವರೆಲ್ಲ ಈ ಬಂಡೆಗಳ ಮೇಲೆ ಏನಾದರೂ ಒಂದನ್ನು ನಿಲ್ಲಿಸಿ ನೋಡಿದ್ದಾರೆ.

ಫೋಟೋ 9/10: ಹೆಸರುಗಳು

ಇದನ್ನು ಬೇಕಂತಲೇ ಬ್ಲರ್ ಮಾಡಿ ಹಾಕಿದ್ದೇನೆ. ಒಂದು ಕಂಬದ ಮೇಲೆ ಕೆರೆದ ಎರಡು ಹೆಸರು, ನಡುವೆ ಹೃದಯ, ಕೆಳಗೆ ತಾರೀಕು. ಪಕ್ಕದ ಕಂಬದಲ್ಲಿ ಬಣ್ಣದಲ್ಲಿ ಬರೆದದ್ದು. ಬೈಯುವುದು ಸುಲಭ. ಆದರೆ ಸರಣಿ ಬರೆಯುತ್ತಾ ಬರೆಯುತ್ತಾ ನನಗೆ ಅನಿಸಿದ್ದು ಬೇರೆ: ಇವರು ಮಾಡಿದ್ದೂ ಗಾಮ ಮಾಡಿದ್ದೂ ಒಂದೇ ಕೆಲಸ. ಒಂದು ಗಂಟೆ ನಿಂತು, "ನಾವು ಇಲ್ಲಿಗೆ ಬಂದೆವು" ಅಂತ ಕಲ್ಲಿನಲ್ಲಿ ಬರೆದು ಹೋಗುವುದು. ನಾವು ಲೊಕೇಶನ್ ಟ್ಯಾಗ್ ಹಾಕುವುದೂ ಅದರ ತಮ್ಮನೇ. ಒಂದು ವ್ಯತ್ಯಾಸ, ಟ್ಯಾಗ್ ಹಾಕಿದರೆ ಕಲ್ಲಿಗೆ ಗಾಯ ಆಗುವುದಿಲ್ಲ.

ಇನ್ನೊಂದು ಮಾತು, ಇದು ತಮಾಷೆ ಅಲ್ಲ. 2022ರ ಏಪ್ರಿಲ್‌ನಲ್ಲಿ ಕೇರಳದಿಂದ ಪ್ರವಾಸ ಬಂದಿದ್ದ ಮೂವರು ವಿದ್ಯಾರ್ಥಿಗಳು ಇಲ್ಲಿ ಸಮುದ್ರಕ್ಕೆ ಬಿದ್ದು ಸತ್ತರು. ನಮ್ಮ ವಯಸ್ಸಿನವರೇ. ನಾಲ್ಕನೇ ಫೋಟೋದಲ್ಲಿ ಕೆಳಗಿನ ಮಹಡಿಯ ಹಸಿರು ಪಾಚಿ ತೋರಿಸಿದೆನಲ್ಲ, ಒದ್ದೆ ಇದ್ದಾಗ ಅದು ಎಣ್ಣೆ ಸವರಿದ ಹಾಗೆ. ಕಂಬಗಳ ಅಂಚು ನೇರ ಇಳಿಜಾರು, ಹಿಡಿಯಲಿಕ್ಕೆ ಏನೂ ಸಿಗುವುದಿಲ್ಲ, ಕೆಳಗೆ ಅಲೆ ಬಂಡೆಗೇ ತಂದು ಬಡಿಯುತ್ತದೆ. ಕಲ್ಲು ಕಪ್ಪಾಗಿ ಒದ್ದೆಯಾಗಿ ಕಂಡರೆ ಕಡಲು ಆಗಷ್ಟೇ ಅಲ್ಲಿಗೆ ಬಂದು ಹೋಗಿದೆ, ಮತ್ತೆ ಬರ್ತದೆ ಅಂತ ಅರ್ಥ. ಅಲ್ಲಿ ಕಾವಲಿನವರು ಸೀಟಿ ಊದಿದರೆ ದಯವಿಟ್ಟು ಹಿಂದೆ ಬನ್ನಿ. ಅವರ ಜೊತೆ ವಾದ ಮಾಡಿದವರಲ್ಲಿ ನಾನೂ ಒಬ್ಬ. ಈಗ ಮಾಡುವುದಿಲ್ಲ.

ಫೋಟೋ 10/10: ಅಂಗೈಯಲ್ಲಿ ಕಲ್ಲು

ಇದೇ ಆ ಕಲ್ಲು. ಅಂಗೈಯಗಲ, ಎರಡು ಮುಖ ಚಪ್ಪಟೆ, ಎರಡೂ ಸೇರುವಲ್ಲಿ ಚೂಪಾದ ಅಂಚು. ಒಂದು ಕಂಬದ ಮೂಲೆ ಅದು ಅಂತ ಈಗ ಗೊತ್ತಾಗ್ತದೆ. ಟೂರಿನ ದಿನ ಅದು ಸಡಿಲವಾಗಿ ಅಲ್ಲಾಡುತ್ತಿತ್ತು, ಎಳೆದೆ, ಬಂತು. ಯಾರೂ ನೋಡಲಿಲ್ಲ. ನೋಡಿದ್ದರೂ ಏನೂ ಅನ್ನುತ್ತಿರಲಿಲ್ಲ, ಆ ದಿನ ನಮ್ಮ ಬ್ಯಾಚಿನ ತುಂಬಾ ಬ್ಯಾಗುಗಳಲ್ಲಿ ಕಲ್ಲು, ಚಿಪ್ಪು ಇತ್ತು.

ಕಳೆದ ತಿಂಗಳು ಅದನ್ನು ವಾಪಸ್ ತೆಗೆದುಕೊಂಡು ಹೋದೆ. ಬೋಟಿನ ಅಣ್ಣ ಬ್ಯಾಗಿನ ಭಾರ ನೋಡಿ "ಎಂತ ಉಂಟು ಇದರಲ್ಲಿ?" ಅಂತ ಕೇಳಿದರು. ಹೇಳಿದೆ. ನಗ್ತಾರೆ ಅಂದುಕೊಂಡಿದ್ದೆ. ಅವರು ನಗಲಿಲ್ಲ. "ಎಲ್ಲರೂ ತಕೊಂಡು ಹೋಗ್ತಾರೆ, ತಂದು ಕೊಡುವವರನ್ನು ನೋಡಿದ್ದು ಇದೇ ಮೊದಲು" ಅಂದರು, ಅಷ್ಟೇ.

ದ್ವೀಪದಲ್ಲಿ ಇಳಿದು ಒಂದು ಗಂಟೆ ಹುಡುಕಿದೆ. ಯಾವ ಕಂಬದ ಮೂಲೆ ಅಂತ ಸಿಗಲಿಲ್ಲ. ಹತ್ತಾರು ಕಂಬಗಳ ಮೂಲೆ ಮುರಿದಿವೆ, ಎಲ್ಲದಕ್ಕೂ ಹೊಂದಿಸಿ ನೋಡಿದೆ, ಒಂದಕ್ಕೂ ಕೂರಲಿಲ್ಲ. ಆರು ವರ್ಷದಲ್ಲಿ ಅಲೆ, ಮಳೆ, ಜನ ಎಲ್ಲ ಸೇರಿ ಅಂಚುಗಳನ್ನು ಸವೆಸಿರಬೇಕು. ಕೊನೆಗೆ ಉಬ್ಬರದ ನೀರು ಮುಟ್ಟುವ ಕಡೆ, ಬೇರೆ ಮುರಿದ ಕಲ್ಲುಗಳ ನಡುವೆ ಇಟ್ಟು ಬಂದೆ. ವಾಪಸ್ ಕೊಟ್ಟೆ ಅಂತ ಹೇಳಬಹುದು, ಸರಿಮಾಡಿದೆ ಅಂತ ಹೇಳಲಿಕ್ಕೆ ಆಗುವುದಿಲ್ಲ. ಮಡಗಾಸ್ಕರ್‌ನಿಂದ ಬೇರೆಯಾಗುವಾಗಲೂ ತನ್ನ ಜಾಗ ಬಿಡದೆ ಕೂತಿದ್ದ ಕಲ್ಲನ್ನು ಒಬ್ಬ ಎಂಟನೇ ಕ್ಲಾಸಿನವ ಎರಡು ನಿಮಿಷದಲ್ಲಿ ಕಿತ್ತಿದ್ದ.

ಸರಣಿ ಇಲ್ಲಿಗೆ ಮುಗೀತು. ಇಷ್ಟು ಓದಿದವರಿಗೆ ಎರಡು ಹೋಮ್‌ವರ್ಕ್. ಒಂದು: ನಿಮ್ಮ ಮನೆಯಲ್ಲಿ ಅಜ್ಜ, ಅಜ್ಜಿ, ಮಾವ ಯಾರಾದರೂ ಕಡಲಿಗೆ ಹೋದವರಿದ್ದರೆ ಈ ದ್ವೀಪವನ್ನು, ಸುತ್ತಲಿನ ಸಣ್ಣ ಬಂಡೆಗಳನ್ನು ಅವರು ಏನಂತ ಕರೀತಾರೆ ಅಂತ ಕೇಳಿ, ಕಾಮೆಂಟಿನಲ್ಲಿ ಹಾಕಿ. ಒಂದೊಂದು ಬಂಡೆಗೂ ಹೆಸರು ಇರ್ತದೆ, ಬರೆದಿಟ್ಟವರಿಲ್ಲ. ಗಾಮನ ದಿನಚರಿಯಲ್ಲಿ ಬಿಟ್ಟುಹೋದದ್ದನ್ನು ನಾವಾದರೂ ತುಂಬಿಸುವ. ಎರಡು: ನಿಮ್ಮ ಶೋಕೇಸಿನಲ್ಲಿ ಆರು ಮುಖದ ಕಲ್ಲಿನ ಚೂರು ಏನಾದರೂ ಕೂತಿದ್ದರೆ ನನಗೆ ಮೆಸೇಜ್ ಮಾಡಿ. ಮಳೆ ನಿಂತು ಬೋಟು ಶುರುವಾದ ಮೇಲೆ ಒಟ್ಟಿಗೆ ಹೋಗುವ.

#ತೋನ್ಸೆಪಾರ್ #ಮಲ್ಪೆ #ಕಲ್ಲುಅಲ್ಲೇಇರಲಿ